ಇಬ್ನ್ ಸೀನಾ: ಹಕೀಮನ ಹಿಂದಿದ್ದ ತತ್ವಜ್ಞಾನಿ

ಇಬ್ನ್ ಸೀನಾ ಅಂದ ಕೂಡಲೇ ನಮಗೆ ನೆನಪಾಗುವುದು ಮದ್ದು. ಯುನಾನಿ ಔಷಧಾಲಯ, ಆಸ್ಪತ್ರೆ, ಕಾಲೇಜು ಅಂತ ಎಲ್ಲೆಲ್ಲೂ ಅವರ ಹೆಸರಿನ ಬೋರ್ಡು. ಮಕ್ಕಳ ಕ್ವಿಝ್‌ನಲ್ಲಿ ಅಲ್ ಖಾನೂನ್ ಫಿತ್ತಿಬ್ಬ್ ಬರೆದವರು ಯಾರು ಅಂತ ಕೇಳ್ತಾರೆ, ಮಕ್ಕಳು ಥಟ್ಟನೆ ಉತ್ತರ ಹೇಳ್ತಾರೆ, ಚಪ್ಪಾಳೆ ಬೀಳುತ್ತದೆ. ಅಲ್ಲಿಗೆ ಮುಗಿಯಿತು. ಆದರೆ ಆ ಮನುಷ್ಯ ವೈದ್ಯವಿದ್ಯೆಯನ್ನು ಕಷ್ಟದ ವಿದ್ಯೆಗಳ ಲೆಕ್ಕದಲ್ಲೇ ಇಟ್ಟವರಲ್ಲ. ತಮ್ಮ ಆತ್ಮಕಥೆಯಲ್ಲಿ ಅದನ್ನು ಸುಲಭದ ಸಾಲಿಗೆ ಸೇರಿಸಿ ಎರಡು ಮಾತಿನಲ್ಲಿ ಮುಂದೆ ಹೋಗಿಬಿಡ್ತಾರೆ. ಅವರ ನಿದ್ದೆ ಕೆಡಿಸಿದ ಪ್ರಶ್ನೆಯೇ ಬೇರೆ. ಒಂದು ವಸ್ತು ‘ಇದೆ’ ಅಂತ ನಾವು ಹೇಳ್ತೇವಲ್ಲ, ಆ ಇರುವಿಕೆ ಅದಕ್ಕೆ ಎಲ್ಲಿಂದ ಬಂತು? ಇದಕ್ಕೆ ಅವರು ಕೊಟ್ಟ ಉತ್ತರವನ್ನು ಸಾವಿರ ವರ್ಷದಿಂದ ಜನ ಒಪ್ಪಿದ್ದಾರೆ, ಬೈದಿದ್ದಾರೆ, ಆದರೆ ಅದನ್ನು ದಾಟಿ ಹೋಗಲು ಯಾರಿಗೂ ಸುಲಭವಾಗಿಲ್ಲ. ಈ ವಾರ ನಾವು ಬರೆಯುತ್ತಿರುವುದು ಆ ಇಬ್ನ್ ಸೀನಾರ ಬಗ್ಗೆ.

ಕ್ರಿ.ಶ. 980ರ ಸುಮಾರಿಗೆ, ಹಿಜರಿ 370ರಲ್ಲಿ, ಬುಖಾರಾ ಪಟ್ಟಣದ ಹತ್ತಿರದ ಅಫ್‌ಶನಾ ಎಂಬ ಹಳ್ಳಿಯಲ್ಲಿ ಅವರು ಹುಟ್ಟಿದರು. ಈಗ ಅದು ಉಝ್ಬೇಕಿಸ್ತಾನದಲ್ಲಿದೆ. ಹೆಸರು ಹುಸೈನ್, ಕುನಿಯತ್ ಅಬೂ ಅಲೀ. ತಂದೆ ಅಬ್ದುಲ್ಲಾಹ್ ಬಲ್ಖ್‌ನವರು, ಸಾಮಾನೀ ಅರಸರ ಕೆಳಗೆ ಒಂದು ಊರಿನ ಆಡಳಿತ ನೋಡಿಕೊಳ್ಳುತ್ತಿದ್ದರು. ತಾಯಿ ಸಿತಾರಾ ಅಫ್‌ಶನಾದವರೇ. ಮಕ್ಕಳ ಓದಿಗಾಗಿ ಕುಟುಂಬ ಬುಖಾರಾಕ್ಕೆ ಬಂತು. ಹತ್ತು ವರ್ಷ ತುಂಬುವಾಗ ಹುಡುಗನಿಗೆ ಕುರ್‌ಆನ್ ಬಾಯಿಪಾಠ. ತಂದೆಗೆ ಇಸ್ಮಾಯೀಲೀಗಳ ಕಡೆ ಒಲವಿತ್ತು. ಮನೆಯಲ್ಲಿ ಆತ್ಮ, ಬುದ್ಧಿ ಅಂತ ದೊಡ್ಡವರ ಚರ್ಚೆ ನಡೆಯುವಾಗ ಹುಡುಗ ಪಕ್ಕದಲ್ಲಿ ಕೂತು ಕೇಳುತ್ತಿದ್ದ, ಅರ್ಥವೂ ಆಗುತ್ತಿತ್ತು, ಆದರೆ ಮನಸ್ಸು ಒಪ್ಪುತ್ತಿರಲಿಲ್ಲ. ಫಿಖ್ಹ್ ಕಲಿಸಿದವರು ಇಸ್ಮಾಯೀಲ್ ಅಝ್ಝಾಹಿದ್ ಎಂಬ ಉಸ್ತಾದ್. ಇನ್ನು ಲೆಕ್ಕ ಕಲಿಸಿದ್ದು ಒಬ್ಬ ತರಕಾರಿ ವ್ಯಾಪಾರಿ! ಹಿಂದ್ ದೇಶದ ಅಂಕಿಗಳ ಲೆಕ್ಕ ಆ ವ್ಯಾಪಾರಿಗೆ ಗೊತ್ತಿತ್ತು ಅಂತ ತಂದೆ ಮಗನನ್ನು ಅಂಗಡಿಗೇ ಕಳಿಸಿದರು. ವ್ಯಾಪಾರದ ಕುಟುಂಬಗಳಲ್ಲಿ ಹುಟ್ಟಿದ ನಮಗೆ ಈ ಸಂಗತಿ ಓದುವಾಗ ಸ್ವಲ್ಪ ಹೆಚ್ಚೇ ಖುಷಿಯಾಗುತ್ತದೆ.

ಆಮೇಲೆ ನಾತಿಲೀ ಎಂಬ ತತ್ವಶಾಸ್ತ್ರದ ಪಂಡಿತರು ಮನೆಯಲ್ಲೇ ಉಳಿದು ಪಾಠ ಶುರು ಮಾಡಿದರು. ಮಂತಿಖ್, ಅಂದರೆ ತರ್ಕಶಾಸ್ತ್ರ, ಮೊದಲ ಪಾಠ. ಸ್ವಲ್ಪ ದಿನದಲ್ಲೇ ಗುರುಗಳ ಬಂಡವಾಳ ಮುಗಿಯಿತು, ಶಿಷ್ಯ ಸ್ವಂತವಾಗಿ ಓದತೊಡಗಿದ. ಹದಿನಾರು ವರ್ಷಕ್ಕೆ ಅನುಭವಸ್ಥ ವೈದ್ಯರೇ ಅವರ ಬಳಿ ಬಂದು ವೈದ್ಯ ಓದುವ ಮಟ್ಟಕ್ಕೆ ಮುಟ್ಟಿದ್ದರು. ಅಷ್ಟಾದ ಮೇಲೆ ಒಂದೂವರೆ ವರ್ಷ ಮತ್ತೆ ತರ್ಕ ಮತ್ತು ತತ್ವಶಾಸ್ತ್ರಕ್ಕೇ ಕೂತರು. ಪ್ರತಿಯೊಂದು ವಾದವನ್ನು ಬಿಡಿಸಿ, ಅದರ ಆಧಾರವಾಕ್ಯಗಳನ್ನು ಹಾಳೆಗಳಲ್ಲಿ ಬರೆದು ಜೋಡಿಸಿ, ಯಾವುದರಿಂದ ಯಾವುದು ಹೊರಡುತ್ತದೆ ಅಂತ ನೋಡುವುದು ಅವರ ಕ್ರಮ. ಕೊಂಡಿ ಸಿಕ್ಕದೆ ಹೋದರೆ ಪಳ್ಳಿಗೆ ಹೋಗಿ ನಮಾಝ್ ಮಾಡಿ ದುಆ ಮಾಡುತ್ತಿದ್ದರು. ರಾತ್ರಿ ದೀಪದ ಮುಂದೆ ಮತ್ತೆ ಓದು. ನಿದ್ದೆ ಎಳೆದರೆ ಒಂದು ಲೋಟ ಶರಾಬು ಕುಡಿದು ಚೇತರಿಸಿಕೊಳ್ಳುತ್ತಿದ್ದುದನ್ನೂ ಅವರೇ ಬರೆದಿದ್ದಾರೆ. ಈ ಮಾತನ್ನು ಬಿಟ್ಟು ಬರೆಯುವುದು ಸುಲಭ. ಆದರೆ ಅವರೇ ಅಡಗಿಸದ್ದನ್ನು ನಾವು ಅಡಗಿಸಿದರೆ ಅದು ಜೀವನಚರಿತ್ರೆ ಆಗುವುದಿಲ್ಲ. ನಿದ್ದೆ ಹೋದರೂ ಅದೇ ಲೆಕ್ಕಗಳು ಕನಸಿನಲ್ಲಿ ಬರುತ್ತಿದ್ದವಂತೆ, ಕೆಲವು ಅಲ್ಲೇ ಬಿಡಿಸಿಹೋಗುತ್ತಿದ್ದವಂತೆ.

ಇಂಥ ಹುಡುಗನನ್ನೂ ಒಂದು ಕಿತಾಬು ಸೋಲಿಸಿತು. ಅರಿಸ್ಟಾಟಲ್‌ನ ಮೆಟಾಫಿಸಿಕ್ಸ್, ಇರುವಿಕೆಯ ಶಾಸ್ತ್ರ. ನಲವತ್ತು ಸಲ ಓದಿದರು. ಇಡೀ ಪುಸ್ತಕ ಬಾಯಿಗೆ ಬಂತು, ತಲೆಗೆ ಹೋಗಲಿಲ್ಲ. ಇದು ಅರ್ಥವಾಗುವ ಪುಸ್ತಕವೇ ಅಲ್ಲ ಅಂತ ಕೈಬಿಟ್ಟರು. ಒಂದು ದಿನ ಮಧ್ಯಾಹ್ನದ ಮೇಲೆ ಪುಸ್ತಕದ ಪೇಟೆಯಲ್ಲಿ ಹೋಗುತ್ತಿರುವಾಗ ಒಬ್ಬ ದಲ್ಲಾಳಿ ಒಂದು ಹಸ್ತಪ್ರತಿ ಹಿಡಿದು ಬಂದ. ಈ ಶಾಸ್ತ್ರದಲ್ಲಿ ಪ್ರಯೋಜನವಿಲ್ಲ ಅಂತ ಇವರು ಸಿಡುಕಿ ತಿರಸ್ಕರಿಸಿದರು. ದಲ್ಲಾಳಿ ಬಿಡಲಿಲ್ಲ. ಮಾರುವವನಿಗೆ ದುಡ್ಡಿನ ಅಡಚಣೆ, ಬರೀ ಮೂರು ದಿರ್ಹಮ್ ಅಂತ ಗೋಗರೆದ. ಕೊಂಡುಕೊಂಡರು. ನೋಡಿದರೆ ಅದು ಅರಿಸ್ಟಾಟಲ್‌ನ ಅದೇ ಪುಸ್ತಕದ ಉದ್ದೇಶಗಳ ಬಗ್ಗೆ ಫಾರಾಬಿಯವರು ಬರೆದ ಸಣ್ಣ ಕಿತಾಬು. ಮನೆಗೆ ಓಡಿ ಓದಿದರು, ನಲವತ್ತು ಸಲಕ್ಕೆ ತೆರೆಯದ ಬಾಗಿಲು ತೆರೆಯಿತು. ಮರುದಿನ ಶುಕ್ರ್ ಅಂತ ಬಡವರಿಗೆ ಬಹಳಷ್ಟು ಸದಖಾ ಹಂಚಿದರು.

ಅಷ್ಟರಲ್ಲಿ ಬುಖಾರಾದ ಅರಸ ನೂಹ್ ಇಬ್ನ್ ಮನ್ಸೂರ್ ಕಾಯಿಲೆ ಬಿದ್ದರು. ಆಸ್ಥಾನದ ವೈದ್ಯರು ಈ ಯುವಕನನ್ನೂ ಕರೆಸಿದರು. ಚಿಕಿತ್ಸೆಯಲ್ಲಿ ಪಾಲುಗೊಂಡದ್ದಕ್ಕೆ ಇವರು ಕೇಳಿದ್ದು ಅರಮನೆಯ ಗ್ರಂಥಾಲಯ ನೋಡುವ ಅನುಮತಿ. ಕೋಣೆ ಕೋಣೆಯಲ್ಲಿ ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ, ಒಂದೊಂದು ಕೋಣೆಗೆ ಒಂದೊಂದು ವಿದ್ಯೆ. ಹೆಸರೂ ಕೇಳದ ಪುಸ್ತಕಗಳನ್ನು ಅಲ್ಲಿ ಕಂಡೆ ಅಂತ ಬರೆದಿದ್ದಾರೆ. ಹದಿನೆಂಟಕ್ಕೆ ಓದು ಮುಗಿಯಿತು, ಆಮೇಲೆ ತನಗೆ ಹೊಸತೇನೂ ಸೇರಲಿಲ್ಲ, ಇದ್ದದ್ದೇ ಮಾಗಿತು ಅನ್ನುವುದು ಅವರದೇ ಲೆಕ್ಕ. ವಿನಯ ಅವರ ಗುಣಗಳಲ್ಲಿ ಇರಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡೋಣ.

ಮುಂದಿನದು ಅಲೆದಾಟ. 999ರಲ್ಲಿ ಸಾಮಾನೀ ರಾಜ್ಯ ಬಿತ್ತು. ತಂದೆಯೂ ತೀರಿಕೊಂಡರು. ಬುಖಾರಾ ಬಿಟ್ಟು ಖ್ವಾರಿಝ್ಮ್‌ನ ಗುರ್‌ಗಾಂಜಿಗೆ ಹೋಗಿ ಫಖೀಹರ ಉಡುಪಿನಲ್ಲಿ ಸಂಬಳಕ್ಕೆ ನಿಂತರು. ಅಲ್ಲಿಂದಲೂ ಹೊರಡಬೇಕಾಯಿತು. ಘಝ್ನಿಯ ಸುಲ್ತಾನ್ ಮಹ್ಮೂದ್ ವಿದ್ವಾಂಸರನ್ನು ತನ್ನ ಆಸ್ಥಾನಕ್ಕೆ ಒಪ್ಪಿಸಿ ಅಂತ ಆಜ್ಞೆ ಕಳಿಸಿದ್ದೂ, ಇಬ್ನ್ ಸೀನಾ ಮರುಭೂಮಿ ದಾಟಿ ತಪ್ಪಿಸಿಕೊಂಡದ್ದೂ, ಹುಡುಕಲು ಅವರ ಚಿತ್ರ ಬರೆಸಿ ಊರೂರಿಗೆ ಕಳಿಸಿದ್ದೂ ಒಂದು ಕಥೆ ಇದೆ. ಬರೆದವರು ನಿಝಾಮೀ ಅರೂಝೀ, ಅದೂ ನೂರಕ್ಕೂ ಹೆಚ್ಚು ವರ್ಷದ ನಂತರ. ಹಾಗಾಗಿ ಅದನ್ನು ಕಥೆಯಾಗಿಯೇ ಇಟ್ಟುಕೊಳ್ಳೋಣ. ಇಬ್ನ್ ಸೀನಾ ತಾವು ಹೇಳುವುದು ಅಗತ್ಯ ಬಿದ್ದು ಹೊರಟೆ ಅಂತ ಮಾತ್ರ. ಅವರ ಜೊತೆ ಪತ್ರದಲ್ಲಿ ಖಾರವಾಗಿ ವಾದಿಸಿದ್ದ ಅಲ್ ಬಿರೂನಿಯವರು ಮಾತ್ರ ಮುಂದೆ ಮಹ್ಮೂದ್‌ರ ಘಝ್ನಿಗೆ ಹೋದರು, ಸಂಸ್ಕೃತ ಕಲಿತು ನಮ್ಮ ದೇಶದ ಬಗ್ಗೆ ದೊಡ್ಡ ಗ್ರಂಥ ಬರೆದರು. ಇಬ್ನ್ ಸೀನಾರ ದಾರಿ ಪಶ್ಚಿಮಕ್ಕೆ ತಿರುಗಿತು.

ನಸಾ, ತೂಸ್, ಜಾಜರ್ಮ್ ದಾಟಿ ಕ್ಯಾಸ್ಪಿಯನ್ ಸಮುದ್ರದ ಕಡೆಯ ಜುರ್ಜಾನ್ ಮುಟ್ಟಿದರು. ಆಶ್ರಯ ಕೊಡಬೇಕಿದ್ದ ಅರಸ ಖಾಬೂಸ್ ಅಷ್ಟರಲ್ಲಿ ಸೆರೆಸಿಕ್ಕಿ ಸತ್ತಿದ್ದರು. ಅಲ್ಲಿ ಸಿಕ್ಕಿದ ದೊಡ್ಡ ಭಾಗ್ಯ ಅಂದರೆ ಜೂಝ್ಜಾನೀ ಎಂಬ ಶಿಷ್ಯ. ಮುಂದಿನ ಸುಮಾರು 25 ವರ್ಷ ಈತ ಗುರುವಿನ ನೆರಳಿನಂತೆ ಇದ್ದ. ಬಾಲ್ಯದ ಕಥೆಯನ್ನು ಗುರುವಿನ ಬಾಯಿಂದ ಬರೆಸಿಕೊಂಡು, ಉಳಿದದ್ದನ್ನು ತಾನೇ ಬರೆದು ಮುಗಿಸಿದ. ನಮಗೆ ಇಂದು ಇಷ್ಟು ವಿವರ ಗೊತ್ತಿರುವುದು ಆ ಒಬ್ಬ ಶಿಷ್ಯನಿಂದ.

ರಯ್ ಪಟ್ಟಣದಲ್ಲಿ ಕೆಲಕಾಲ ಇದ್ದು 1015ರ ಹೊತ್ತಿಗೆ ಹಮದಾನ್‌ಗೆ ಬಂದರು. ಅಲ್ಲಿನ ಅಮೀರ್ ಶಂಸುದ್ದೌಲಾರ ಹೊಟ್ಟೆಶೂಲೆ ಗುಣಪಡಿಸಿದ್ದಕ್ಕೆ ವಝೀರ್ ಹುದ್ದೆ ಸಿಕ್ಕಿತು. ಸೈನ್ಯಕ್ಕೆ ಇವರು ಆಗಲಿಲ್ಲ. ಸಿಪಾಯಿಗಳು ಮನೆಗೆ ನುಗ್ಗಿ ಇದ್ದದ್ದೆಲ್ಲ ದೋಚಿ, ಇವರನ್ನು ಹಿಡಿದು, ಕೊಲ್ಲಲೇಬೇಕು ಅಂತ ಹಠ ಹಿಡಿದರು. ಅಮೀರ್ ಕೊಲ್ಲಲು ಒಪ್ಪದೆ ಹುದ್ದೆಯಿಂದ ತೆಗೆದರು. ನಲವತ್ತು ದಿನ ಪರಿಚಿತರ ಮನೆಯಲ್ಲಿ ಅಡಗಿದ್ದರು. ಅಮೀರರ ಹೊಟ್ಟೆಶೂಲೆ ಮತ್ತೆ ಬಂತು. ಕ್ಷಮೆ ಕೇಳಿ ಕರೆಸಿ ಮತ್ತೆ ವಝೀರ್ ಮಾಡಿದರು! ಹಗಲು ಪೂರ್ತಿ ಸರಕಾರಿ ಕೆಲಸ, ರಾತ್ರಿ ಶಿಷ್ಯರಿಗೆ ಪಾಠ. ಒಬ್ಬ ಖಾನೂನ್ ಓದಿದರೆ ಇನ್ನೊಬ್ಬ ಶಿಫಾ ಓದುವುದು. ಪಾಠ ಮುಗಿದರೆ ಗಾಯಕರು, ಪಾನ, ಗೋಷ್ಠಿ. ಶಿಫಾ ಅಂದ ಕೂಡಲೇ ಇದೂ ಮದ್ದಿನ ಪುಸ್ತಕ ಅಂದುಕೊಳ್ಳಬೇಡಿ. ಅಜ್ಞಾನದಿಂದ ಆತ್ಮಕ್ಕೆ ಗುಣವಾಗುವ ಶಿಫಾ ಅದು. ತರ್ಕ, ಪ್ರಕೃತಿಶಾಸ್ತ್ರ, ಗಣಿತ ಮತ್ತು ಇಲಾಹಿಯ್ಯಾತ್, ಅಂದರೆ ಮೆಟಾಫಿಸಿಕ್ಸ್, ಸೇರಿದ ಮಹಾಗ್ರಂಥ.

ಇಲಾಹಿಯ್ಯಾತ್ ಭಾಗ ಬರೆದ ಬಗೆ ಕೇಳಿ. ಶಂಸುದ್ದೌಲಾ ತೀರಿಕೊಂಡ ಮೇಲೆ ಅವರ ಮಗ ವಝೀರ್ ಹುದ್ದೆಗೆ ಕರೆದರೂ ಇವರು ಹೋಗಲಿಲ್ಲ. ಇಸ್ಫಹಾನ್‌ನ ಅರಸ ಅಲಾಉದ್ದೌಲಾರಿಗೆ ಗುಟ್ಟಾಗಿ ಪತ್ರ ಬರೆದು, ಅಬೂ ಗಾಲಿಬ್ ಎಂಬ ಔಷಧ ವ್ಯಾಪಾರಿಯ ಮನೆಯಲ್ಲಿ ಅಡಗಿ ಕೂತರು. ಶಿಫಾ ಮುಗಿಸಿ ಕೊಡಿ ಅಂತ ಜೂಝ್ಜಾನೀ ದುಂಬಾಲು ಬಿದ್ದ. ಕಾಗದ, ಶಾಯಿ ತರಿಸಿಕೊಂಡರು. ಎರಡು ದಿನದಲ್ಲಿ ಮುಖ್ಯ ವಿಷಯಗಳನ್ನೆಲ್ಲ ನೆನಪಿನಿಂದಲೇ ಪಟ್ಟಿ ಮಾಡಿದರು, ಎದುರಿಗೆ ಒಂದೇ ಒಂದು ಪುಸ್ತಕವಿರಲಿಲ್ಲ. ಆಮೇಲೆ ಪಟ್ಟಿ ಮುಂದಿಟ್ಟುಕೊಂಡು ದಿನಕ್ಕೆ ಐವತ್ತು ಹಾಳೆಯಂತೆ ಬರೆಯುತ್ತ ಹೋದರು. ಹೊರಗೆ ಇವರನ್ನು ಹಿಡಿಯಲು ಹುಡುಕಾಟ, ಒಳಗೆ ಇರುವಿಕೆ ಅಂದರೇನು ಅನ್ನುವುದರ ವಿಚಾರ. ಇದ್ದೇವೋ ಇಲ್ಲವೋ ಆಗಬಹುದಾದ ಸ್ಥಿತಿಯಲ್ಲಿ ಕೂತೇ ಅವರು ಅದನ್ನು ಬರೆದರು ಅನ್ನುವುದನ್ನು ನಾವು ಮರೆಯಲಾರೆವು.

ಅವರ ವಿಚಾರವನ್ನು ನಮ್ಮ ಕರಾವಳಿಯ ಉದಾಹರಣೆಯಲ್ಲಿ ಹೇಳಿ ನೋಡೋಣ. ಒಂದು ಹಾಯಿಹಡಗು ಅಂದರೇನು ಅಂತ ಕಟ್ಟುವ ಮೇಸ್ತ್ರಿಗೆ ಪೂರ್ತಿ ಗೊತ್ತು. ಎಷ್ಟು ಉದ್ದ, ಯಾವ ಮರ, ಪಾಯದ ಹಲಗೆ ಹೇಗೆ, ಕಂಬ ಎಲ್ಲಿ. ಇಷ್ಟೆಲ್ಲ ಗೊತ್ತಿದ್ದರೂ ಅಂಥದ್ದೊಂದು ಹಡಗು ಈಗ ಸಮುದ್ರದಲ್ಲಿ ಇದೆಯಾ ಅಂತ ಆ ತಿಳಿವಳಿಕೆಯಿಂದ ಗೊತ್ತಾಗುವುದಿಲ್ಲ. ಏನು ಎಂಬುದು ಬೇರೆ, ಇದೆ ಎಂಬುದು ಬೇರೆ. ಮೊದಲನೆಯದು ಮಾಹಿಯ್ಯತ್, ಎರಡನೆಯದು ವುಜೂದ್. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಆದರೆ ಈ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ಎಳೆದು, ಅದರ ಮೇಲೆ ಇಡೀ ಶಾಸ್ತ್ರ ಕಟ್ಟಿದವರು ಇಬ್ನ್ ಸೀನಾ. ಹಡಗು, ತೆಂಗಿನಮರ, ನೀವು, ನಾವು ಎಲ್ಲವೂ ಇರಬಹುದು, ಇಲ್ಲದೆಯೂ ಇರಬಹುದು. ಇಂಥದ್ದಕ್ಕೆ ಅವರು ಕೊಟ್ಟ ಹೆಸರು ಮುಮ್ಕಿನ್. ಅದರ ಸ್ವಭಾವದಲ್ಲಿ ಇರುವಿಕೆ ಇಲ್ಲ, ಆದ್ದರಿಂದ ಇನ್ನೊಂದು ಕಡೆಯಿಂದ ಬರಬೇಕು.

ಮದುವೆ ಮನೆಯಲ್ಲಿ ಒಬ್ಬ ಹೆಣ್ಣಿನ ಕೊರಳಲ್ಲಿ ಚಿನ್ನದ ಸರ ಇದೆ ಅಂತಿಟ್ಟುಕೊಳ್ಳಿ. ಕೇಳಿದರೆ ಎರವಲು ತಂದದ್ದು ಅಂತಾಳೆ. ಕೊಟ್ಟವಳೂ ಎರವಲು ತಂದವಳೇ, ಅವಳಿಗೆ ಕೊಟ್ಟವಳೂ ಹಾಗೆಯೇ. ಈ ಸಾಲನ್ನು ಎಷ್ಟೇ ಉದ್ದ ಮಾಡಿ, ಕೊನೆಯೇ ಇಲ್ಲದಷ್ಟು ಉದ್ದ ಮಾಡಿ, ಎಲ್ಲರೂ ಎರವಲಿನವರೇ ಆದರೆ ಸರ ಬಂದದ್ದಾದರೂ ಎಲ್ಲಿಂದ? ಇಬ್ನ್ ಸೀನಾರ ವಾದ ಹೀಗೇ ಸಾಗುತ್ತದೆ. ಮುಮ್ಕಿನ್ ಆದದ್ದನ್ನೆಲ್ಲ ಒಟ್ಟಿಗೆ ರಾಶಿ ಹಾಕಿ ನೋಡಿ. ಆ ರಾಶಿಯೂ ಮುಮ್ಕಿನ್. ಅದಕ್ಕೆ ಕಾರಣ ಬೇಕು, ಕಾರಣ ರಾಶಿಯ ಹೊರಗಿರಬೇಕು, ಹೊರಗಿರುವುದು ಎರವಲಿನದ್ದಾಗಿರಲು ಸಾಧ್ಯವಿಲ್ಲ. ಯಾವುದಕ್ಕೆ ಇರುವಿಕೆ ತನ್ನದೇ ಆಗಿದೆಯೋ, ಇಲ್ಲದಿರಲು ಯಾವುದಕ್ಕೆ ಸಾಧ್ಯವೇ ಇಲ್ಲವೋ, ಅದು ವಾಜಿಬುಲ್ ವುಜೂದ್. ಅದು ಒಂದೇ ಇರಲು ಸಾಧ್ಯ, ಅದಕ್ಕೆ ಭಾಗಗಳಿಲ್ಲ, ಸಮಾನರಿಲ್ಲ ಅಂತ ಒಂದೊಂದಾಗಿ ಸಾಧಿಸುತ್ತ ಅವರು ತೌಹೀದ್‌ಗೆ ಬಂದು ಮುಟ್ಟುತ್ತಾರೆ.

ಇದರಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಆಕಾಶ ನೋಡಿ, ನಕ್ಷತ್ರದ ಚಲನೆ ನೋಡಿ, ಸೃಷ್ಟಿಕರ್ತ ಇದ್ದಾನೆ ಅನ್ನುವ ದಾರಿ ಇದಲ್ಲ. ಏನೋ ಒಂದು ಇದೆ ಅನ್ನುವಷ್ಟೇ ಸಾಕು, ಉಳಿದದ್ದು ವಿಚಾರದಿಂದ. ಇಶಾರಾತ್ ಎಂಬ ಕಿತಾಬಿನಲ್ಲಿ ಇದನ್ನು ಸಿದ್ದೀಖೀನರ, ಅಂದರೆ ಸತ್ಯವಂತರ, ದಾರಿ ಅಂತ ಕರೆದು ಸೂರಃ ಫುಸ್ಸಿಲತ್‌ನ ಒಂದು ಆಯತ್‌ನತ್ತ ಬೆರಳು ತೋರಿಸಿದ್ದಾರೆ. ಕಾರಣ ಅನ್ನುವುದು ಹಿಂದೆ ಯಾವಾಗಲೋ ಒಮ್ಮೆ ತಳ್ಳಿಬಿಟ್ಟು ಹೋದದ್ದೂ ಅಲ್ಲ. ಮೇಸ್ತ್ರಿ ಸತ್ತರೂ ಮನೆ ನಿಲ್ಲುತ್ತದೆ, ಯಾಕೆಂದರೆ ಮೇಸ್ತ್ರಿ ಕಲ್ಲುಗಳನ್ನು ಸರಿಸಿ ಜೋಡಿಸಿದವನು ಮಾತ್ರ. ನಿಜವಾದ ಕಾರಣ ಮತ್ತು ಅದರ ಫಲ ಒಟ್ಟಿಗೇ ಇರಬೇಕು, ದೀಪ ಇರುವಷ್ಟು ಹೊತ್ತು ಮಾತ್ರ ಬೆಳಕು ಇರುವ ಹಾಗೆ. ನಾವು ಹುಟ್ಟಿದ ಗಳಿಗೆಯಲ್ಲಿ ಮಾತ್ರ ಅಲ್ಲ, ಈ ಕ್ಷಣವೂ ನಮ್ಮ ಇರುವಿಕೆ ಎರವಲೇ.

ಎಲ್ಲರೂ ಒಪ್ಪಿದ್ದಾರೆ ಅಂತಲ್ಲ. ರಾಶಿಯ ಒಂದೊಂದಕ್ಕೂ ಕಾರಣ ಸಿಕ್ಕಿದ ಮೇಲೆ ಇಡೀ ರಾಶಿಗೆ ಬೇರೆಯೇ ಕಾರಣ ಯಾಕೆ ಬೇಕು ಅಂತ ಕೇಳುವವರು ಆಗಲೂ ಇದ್ದರು, ಈಗಿನ ವಿಶ್ವವಿದ್ಯಾಲಯಗಳಲ್ಲೂ ಇದ್ದಾರೆ. ಪ್ರಶ್ನೆ ಗಟ್ಟಿಯದೇ. ಆದರೂ ಎರವಲಿನ ಸರದ ಉದ್ದ ಹೆಚ್ಚಿಸಿದರೆ ಒಡತಿ ಸಿಕ್ಕಿದ ಹಾಗಾಗುವುದಿಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಶಿಫಾದ ಆತ್ಮದ ಭಾಗದಲ್ಲಿ ಇನ್ನೊಂದು ಪ್ರಸಿದ್ಧ ವಿಚಾರ ಇದೆ. ಒಬ್ಬ ಮನುಷ್ಯನನ್ನು ಪೂರ್ಣ ಬೆಳೆದವನಾಗಿ ಒಮ್ಮೆಲೇ ಸೃಷ್ಟಿಸಿ ಗಾಳಿಯಲ್ಲಿ ತೇಲಿಬಿಟ್ಟಿದೆ ಅಂತ ಊಹಿಸಿ. ಕಣ್ಣು ಮುಚ್ಚಿದೆ, ಕೈಕಾಲು ಒಂದಕ್ಕೊಂದು ತಾಗುವುದಿಲ್ಲ, ಗಾಳಿಯೂ ಮೈಗೆ ಗೊತ್ತಾಗುವುದಿಲ್ಲ. ಅವನಿಗೆ ತನ್ನ ದೇಹದ ಸುದ್ದಿಯೇ ಇಲ್ಲ. ಆದರೂ ತಾನು ಇದ್ದೇನೆ ಅಂತ ಅವನಿಗೆ ಗೊತ್ತಿರುತ್ತದಲ್ಲ? ಹಾಗಾದರೆ ಆ ‘ತಾನು’ ದೇಹವಲ್ಲ. ಯುರೋಪಿನಲ್ಲಿ ಡೆಕಾರ್ಟ್ ಇದೇ ದಾರಿಗೆ ಬಂದದ್ದು ಆರು ಶತಮಾನದ ನಂತರ.

ಅಡಗಿದ್ದ ಜಾಗದ ಸುಳಿವನ್ನು ವೈರಿಗಳು ಕೊಟ್ಟರು. ಫರ್ದಜಾನ್ ಎಂಬ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆ. ಅಲ್ಲೂ ಕೈ ಸುಮ್ಮನಿರಲಿಲ್ಲ, ಹಯ್ಯ್ ಇಬ್ನ್ ಯಖ್ಝಾನ್ ಎಂಬ ಸಾಂಕೇತಿಕ ಕಥೆ ಮತ್ತು ಹೊಟ್ಟೆಶೂಲೆಯ ಮೇಲೊಂದು ಪುಸ್ತಕ ಬರೆದರು. ಬಿಡುಗಡೆಯಾಗಿ ಹಮದಾನ್‌ಗೆ ಮರಳಿದ ಮೇಲೆ ಜೂಝ್ಜಾನೀ, ತಮ್ಮ ಮತ್ತು ಇಬ್ಬರು ಗುಲಾಮರ ಜೊತೆ ಸೂಫಿಗಳ ವೇಷ ಹಾಕಿ ಇಸ್ಫಹಾನ್‌ಗೆ ತಪ್ಪಿಸಿಕೊಂಡರು.

ಇಸ್ಫಹಾನ್‌ನಲ್ಲಿ ಅಲಾಉದ್ದೌಲಾ ಗೌರವದಿಂದ ಇಟ್ಟುಕೊಂಡರು. ಬದುಕಿನ ನೆಮ್ಮದಿಯ ವರ್ಷಗಳು ಅವು. ಶಿಫಾ ಮುಗಿಯಿತು, ಅರಸರಿಗಾಗಿ ಪರ್ಷಿಯನ್ ಭಾಷೆಯಲ್ಲಿ ದಾನಿಶ್‌ನಾಮಾ ಬರೆದರು. ಆಸ್ಥಾನದಲ್ಲಿ ಒಮ್ಮೆ ಅಬೂ ಮನ್ಸೂರ್ ಎಂಬ ಭಾಷಾ ಪಂಡಿತರು, ನೀವು ತತ್ವಜ್ಞಾನಿ, ಅರಬಿ ಭಾಷೆಯ ವಿಷಯದಲ್ಲಿ ನಿಮ್ಮ ಮಾತು ನಡೆಯದು ಅಂತ ಚುಚ್ಚಿದರು. ಮೂರು ವರ್ಷ ಭಾಷಾಗ್ರಂಥಗಳನ್ನೇ ಓದಿದರು. ಆಮೇಲೆ ಹಳೆಯ ದೊಡ್ಡ ಲೇಖಕರ ಶೈಲಿಯಲ್ಲಿ ತಾವೇ ಬರಹಗಳನ್ನು ಬರೆದು, ಹಳೆಯ ಹೊತ್ತಗೆಯಂತೆ ಕಾಣಿಸಿ, ಬೇಟೆಯಲ್ಲಿ ಸಿಕ್ಕಿತು ಅಂತ ಅದೇ ಪಂಡಿತರ ಮುಂದೆ ಇಡಿಸಿದರು. ಪಂಡಿತರು ತಡವರಿಸಿದ ಕಡೆಗಳನ್ನೆಲ್ಲ ಇವರು ಬಿಡಿಸಿ ಹೇಳಿದರು. ದ್ವೇಷ ಸಾಧಿಸಲಿಕ್ಕೆ ಮೂರು ವರ್ಷ ಓದುವ ಜನ ಈಗ ಎಲ್ಲಿದ್ದಾರೆ ಮಾರಾಯ್ರೆ!

1030ರಲ್ಲಿ ಮಹ್ಮೂದ್‌ರ ಮಗ ಮಸ್ಊದ್‌ನ ಸೈನ್ಯ ಇಸ್ಫಹಾನ್‌ಗೆ ನುಗ್ಗಿತು. ಲೂಟಿಯಲ್ಲಿ ಕಿತಾಬುಲ್ ಇನ್ಸಾಫ್ ಹೋಯಿತು. ಸುಮಾರು 28 ಸಾವಿರ ಪ್ರಶ್ನೆಗಳಲ್ಲಿ ಪೂರ್ವದವರು ಸರಿಯೋ ಪಶ್ಚಿಮದವರು ಸರಿಯೋ ಅಂತ ತೀರ್ಪು ಕೊಟ್ಟ ಗ್ರಂಥ ಅದು. ಈಗ ಉಳಿದಿರುವುದು ಚೂರುಪಾರು.

ಲೋಕಕ್ಕೆಲ್ಲ ಹೊಟ್ಟೆಶೂಲೆಗೆ ಮದ್ದು ಕೊಟ್ಟವರನ್ನು ಕೊನೆಗೆ ಹಿಡಿದದ್ದೂ ಹೊಟ್ಟೆಶೂಲೆಯೇ. ಅರಸರ ದಂಡಿನ ಜೊತೆ ಓಡಬೇಕಿದ್ದುದರಿಂದ ಬೇಗ ಗುಣವಾಗಲಿ ಅಂತ ಒಂದೇ ದಿನ ಎಂಟು ಸಲ ಬಸ್ತಿ ತೆಗೆದುಕೊಂಡರು. ಮದ್ದಿನಲ್ಲಿ ಒಂದು ಬೀಜದ ಪ್ರಮಾಣ ಹೆಚ್ಚಾಗಿ ಕರುಳು ಹುಣ್ಣಾಯಿತು. ಹಣ ಕದ್ದಿದ್ದ ಸೇವಕರು ಸಿಕ್ಕಿಬೀಳುವ ಭಯದಲ್ಲಿ ಮದ್ದಿಗೆ ಅಫೀಮು ಬೆರೆಸಿದರು ಅಂತ ಜೂಝ್ಜಾನೀ ಬರೆದಿದ್ದಾರೆ. ಹಮದಾನ್‌ಗೆ ಹೋಗುವ ದಾರಿಯಲ್ಲಿ ದೇಹವನ್ನು ನಡೆಸುವ ಶಕ್ತಿ ಸೋತಿತು ಅಂತ ತಿಳಿದು ಚಿಕಿತ್ಸೆ ನಿಲ್ಲಿಸಿದರು. ಕೊನೆಯ ದಿನಗಳಲ್ಲಿ ತೌಬಾ ಮಾಡಿ, ಇದ್ದದ್ದನ್ನು ಬಡವರಿಗೆ ಕೊಟ್ಟು, ಗುಲಾಮರನ್ನು ಬಿಡುಗಡೆ ಮಾಡಿ, ಕುರ್‌ಆನ್ ಓದುತ್ತಿದ್ದರು ಅಂತ ಇಬ್ನ್ ಖಲ್ಲಿಕಾನ್ ದಾಖಲಿಸುತ್ತಾರೆ. ಹಿಜರಿ 428ರ ರಮಝಾನ್, ಕ್ರಿ.ಶ. 1037. ಕಬರ್ ಹಮದಾನ್‌ನಲ್ಲಿದೆ.

ಐವತ್ತೆಂಟು ವರ್ಷ ಕಳೆದ ಮೇಲೆ, 1095ರಲ್ಲಿ, ಇಮಾಮ್ ಗಝ್ಝಾಲಿಯವರು ತಹಾಫುತುಲ್ ಫಲಾಸಿಫಾ ಬರೆದರು. ಇಪ್ಪತ್ತು ವಿಷಯಗಳಲ್ಲಿ ತತ್ವಜ್ಞಾನಿಗಳನ್ನು ಪ್ರಶ್ನಿಸಿ, ಮೂರರಲ್ಲಿ ಕುಫ್ರ್‌ನ ಮಾತು ಹೇಳಿದರು: ಲೋಕಕ್ಕೆ ಆದಿಯಿಲ್ಲ ಅನ್ನುವುದು, ಅಲ್ಲಾಹನಿಗೆ ಬಿಡಿಬಿಡಿ ಸಂಗತಿಗಳು ಸಾಮಾನ್ಯ ರೂಪದಲ್ಲಿ ಮಾತ್ರ ತಿಳಿದಿವೆ ಅನ್ನುವುದು, ದೇಹದ ಪುನರುತ್ಥಾನವನ್ನು ಅಲ್ಲಗಳೆಯುವುದು. ಮೂರನೆಯದರಲ್ಲಿ ಶಿಫಾದ ಮಾತು ಬೇರೆ, ದೇಹದ ಪುನರುತ್ಥಾನವನ್ನು ಪ್ರವಾದಿಯ ಮಾತಿನಿಂದ ಒಪ್ಪಬೇಕು ಅಂತ ಅಲ್ಲಿದೆ. ಆದರೆ ಮೊದಲ ಎರಡು ಆರೋಪಗಳು ಅಪಾರ್ಥದಿಂದ ಹುಟ್ಟಿದವಲ್ಲ. ಇಬ್ನ್ ಸೀನಾರ ವಾಜಿಬುಲ್ ವುಜೂದ್‌ನಿಂದ ಲೋಕ ಅನಿವಾರ್ಯವಾಗಿ ಹೊಮ್ಮುತ್ತದೆ. ಬೇಕೆಂದಾಗ ಸೃಷ್ಟಿಸುವ, ದುಆ ಮಾಡಿದವನ ಹೆಸರು ಹಿಡಿದು ಕೇಳುವ ರಬ್ಬ್‌ಗೆ ಆ ಲೆಕ್ಕದಲ್ಲಿ ಎಲ್ಲಿ ಜಾಗ ಎಂಬುದು ಇಮಾಮರ ಪ್ರಶ್ನೆ. ಕೊಂಡಿ ಸಿಕ್ಕದಾಗ ಪಳ್ಳಿಗೆ ಹೋಗಿ ದುಆ ಮಾಡಿದ ಹುಡುಗನ ಮುಂದೆಯೂ ಅದೇ ಪ್ರಶ್ನೆ ಇಡಬಹುದಿತ್ತು ಅಂತ ನಮಗೆ ಅನ್ನಿಸುತ್ತದೆ.

ಕುತೂಹಲದ ಸಂಗತಿ ಅಂದರೆ ಗಝ್ಝಾಲಿಯವರು ಮಂತಿಖ್ಖನ್ನು ಮಾತ್ರ ಬಿಡಲಿಲ್ಲ. ಉಸೂಲುಲ್ ಫಿಖ್ಹ್‌ನ ತಮ್ಮ ದೊಡ್ಡ ಕಿತಾಬು ಮುಸ್ತಸ್ಫಾವನ್ನು ತರ್ಕದ ಪೀಠಿಕೆಯಿಂದಲೇ ಶುರುಮಾಡಿ, ಅದು ಬಾರದವನ ವಿದ್ಯೆ ನಂಬತಕ್ಕದ್ದಲ್ಲ ಅಂದುಬಿಟ್ಟರು. ಅವರಿಗೆ ಸಿಕ್ಕಿದ ತರ್ಕ ಇಬ್ನ್ ಸೀನಾರು ತಿದ್ದಿ ಕಟ್ಟಿದ್ದು. ಎಲ್ಲ, ಕೆಲವು, ಯಾವಾಗಲೂ, ಸಾಧ್ಯ, ಅನಿವಾರ್ಯ ಮುಂತಾದ ಪದಗಳನ್ನು ಅವರು ಜರಡಿ ಹಿಡಿದು ಸೋಸಿದ್ದರು. ಬ್ಯಾರಿಗಳೆಲ್ಲ ವ್ಯಾಪಾರಿಗಳು ಅಂತ ಯಾರಾದರೂ ಅಂದರೆ ಇಬ್ನ್ ಸೀನಾ ಕೂಡಲೇ ಕೇಳುವುದು ಹೀಗೆ: ಆ ಮನುಷ್ಯ ಇರುವಷ್ಟು ಕಾಲವೂ ವ್ಯಾಪಾರಿಯೋ, ಅಂಗಡಿ ಬಾಗಿಲು ತೆರೆದಿರುವಷ್ಟು ಹೊತ್ತು ಮಾತ್ರವೋ? ಮನುಷ್ಯ ಜೀವಿ ಅನ್ನುವುದು ಮೊದಲ ಜಾತಿಯ ವಾಕ್ಯ. ಎರಡನೆಯದು ಬೇರೆ ಜಾತಿ. ಎರಡನ್ನು ಬೆರೆಸಿದರೆ ವಾದ ಕೆಡುತ್ತದೆ.

ಇಬ್ನ್ ಸೀನಾರ ನಂತರ ಪೂರ್ವದ ವಿದ್ವಾಂಸರು ಅರಿಸ್ಟಾಟಲ್‌ನನ್ನು ಬದಿಗಿಟ್ಟು ಇವರ ಮೇಲೆಯೇ ವ್ಯಾಖ್ಯಾನ ಬರೆದರು. ಇಶಾರಾತ್‌ಗೆ ಫಖ್ರುದ್ದೀನ್ ರಾಝೀ ಬರೆದ ಟೀಕೆ ಎಷ್ಟು ತೀಕ್ಷ್ಣ ಅಂದರೆ ನಸೀರುದ್ದೀನ್ ತೂಸೀ ಅದಕ್ಕೆ ಉತ್ತರವಾಗಿ ಇನ್ನೊಂದು ವ್ಯಾಖ್ಯಾನ ಬರೆಯಬೇಕಾಯಿತು. ಸ್ಪೇನಿನ ತೊಲೆದೋದಲ್ಲಿ ಲ್ಯಾಟಿನ್‌ಗೆ ಅನುವಾದವಾಗಿ, ಮಾಹಿಯ್ಯತ್ ಮತ್ತು ವುಜೂದ್‌ನ ಆ ಗೆರೆ ಥಾಮಸ್ ಅಕ್ವಿನಾಸ್ ಮುಂತಾದ ಕ್ರೈಸ್ತ ಪಂಡಿತರ ಕೈಗೂ ಸೇರಿತು. ಹದಿಮೂರನೇ ಶತಮಾನದಲ್ಲಿ ಕಾತಿಬೀಯವರು ಶಂಸಿಯ್ಯಾ ಎಂಬ ಮಂತಿಖ್ ಪಠ್ಯ ಬರೆದರು. ಅದು ಹಿಂದೂಸ್ಥಾನದ ಮದ್ರಸಗಳಿಗೂ ಬಂತು. 1707ರಲ್ಲಿ ತೀರಿಕೊಂಡ ಬಿಹಾರದ ಮುಹಿಬ್ಬುಲ್ಲಾಹ್‌ರ ಸುಲ್ಲಮುಲ್ ಉಲೂಮ್‌ಗೆ ಇಲ್ಲಿನ ಉಲಮಾಗಳು ತಲೆಮಾರುಗಟ್ಟಲೆ ವ್ಯಾಖ್ಯಾನ ಬರೆದರು. ಪಳ್ಳಿ ದರ್ಸ್‌ನಲ್ಲಿ ಮಂತಿಖ್ ಕಲಿತವರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಇಲ್ಮ್ ಅಂದರೆ ತಸವ್ವುರ್ ಮತ್ತು ತಸ್ದೀಖ್ ಅಂತ ಮೊದಲ ಪಾಠ ಒಪ್ಪಿಸಿಯಾರು. ಬರೆಯುವವನ ಬೆರಳು, ಅವನು ಬರೆಯುತ್ತಿರುವಷ್ಟು ಹೊತ್ತು, ಅಲುಗುತ್ತಲೇ ಇರಬೇಕು ಅನ್ನುವ ಹಳೆಯ ಉದಾಹರಣೆಯೂ ನೆನಪಿರಬಹುದು.